ಮಂಡಿ ಬದಲಾಯಿಸುವ ವಿಚಾರ

ಅಜ್ಜಂಪುರ
8 ಜನವರಿ 2024

ತಮ್ಮ ತಿಮ್ಮಪ್ಪನಿಗೆ ಅಕ್ಕ ಲಿಂಗಮ್ಮ ಮಾಡುವ ಆಶೀರ್ವಾದ.

ಫೋನಿನಲ್ಲಿ ನೀನು ಕೂಗಿದ್ದು ನನಗೆ ಕೇಳುವುದಿಲ್ಲ, ನಾನು ಕೂಗಿದ್ದು ಬೀದಿಗೆಲ್ಲ ಕೇಳುತ್ತದೆ. ಅದಕ್ಕೇ ಈ ಕಾಗದ. ದುಶ್ಯಂತ್ ತನ್ನ ಮೊಬೈಲಿನಲ್ಲಿ ಬರೆದು ಕಳಿಸುತ್ತೇನೆಂದ. ಮಗನ ಕೈಲಿ ಬರೆಸಿದರೆ ಅದು ಅವನ ಮಾತಾಗುತ್ತದೆ, ನನ್ನದಾಗುವುದಿಲ್ಲ. ಬೇಡವೆಂದೆ.

ಕೆಂಪಿ ಕರು ಹಾಕಿದ್ದಾಳೆ, ಹೆಣ್ಣುಗರು. ಹಾಲು ಗಟ್ಟಿಯಾಗಿದೆ, ಡೈರಿಯವರು ಫ್ಯಾಟು ನೋಡಿ ತಲೆದೂಗುತ್ತಾರೆ. ಅವಳು ನನ್ನೊಬ್ಬಳಿಗೇ ಕರೆಯಲು ಬಿಡುವುದು ನಿನಗೆ ಗೊತ್ತಲ್ಲ. ಸೊಸೆ ನಯನ ಕೆಚ್ಚಲಿಗೆ ಕೈ ಹಾಕಿದರೆ ಬಕೆಟ್ಟು ಒಂದು ಕಡೆ, ನಯನ ಒಂದು ಕಡೆ.

ಈಗ ನಿನಗೆ ತಿಳಿಸಬೇಕಾದ ವಿಷಯ. ಮಂಡಿ ಬದಲಾಯಿಸುವ ವಿಚಾರ. ಇಷ್ಟು ವರ್ಷ ನಂಬಿಕೊಂಡು ಬಂದ ಮಂಡಿ, ಅದರ ಮೇಲೆ ದೂರು ಹೇಳಲು ನಾಲಿಗೆ ಬರುವುದಿಲ್ಲ. ಆದರೆ ದುಶ್ಯಂತ್ ಬಿಡುತ್ತಿಲ್ಲ. ‘ಹಳೇದು ಸವೆದೋಗೈತೆ ಕಣಮ್ಮ, ಅದನ್ನೇ ನಂಬ್ಕಂಡು ಎಷ್ಟು ದಿನ ಕೂತಿರ್ತೀಯ, ಶಿವಮೊಗ್ಗದಲ್ಲಿ ಹೊಸದು ಮಾಡ್ಸಾಣ’ ಅನ್ನುತ್ತಾನೆ. ಕರೆದುಕೊಂಡು ಹೋಗಿ ಮಾತೂ ಆಡಿಸಿದ. ಅಲ್ಲಿಯವರು ನಯವಾಗಿಯೇ ಮಾತಾಡಿದರು. ಮೊದಲು ಎಡಗಡೆಯದು, ಅದು ಹೊಂದಿಕೊಂಡರೆ ಆಮೇಲೆ ಬಲಗಡೆಯದು ಅಂದರು.

ನನಗೆ ಮನಸ್ಸು ಒಪ್ಪುತ್ತಿಲ್ಲ. ನೀನು ಹೇಳಿದ ಹಾಗೆ ಕೇಳುತ್ತೇನೆ. ಒಂದು ಸಲ ಬಂದು ನನ್ನ ಪಕ್ಕದಲ್ಲಿ ನಿಂತರೆ ಸಾಕು, ನನಗೆ ಧೈರ್ಯ ಬರುತ್ತದೆ. ನೀನು ಅಜ್ಜಂಪುರಕ್ಕೆ ಬಂದು ಬಹಳ ಕಾಲವಾಯಿತು.

ನಿನ್ನ ಅಕ್ಕ
ಲಿಂಗಮ್ಮ


ತಿಮ್ಮಪ್ಪನವರ ತೆಂಗಿನಕಾಯಿ ಮಂಡಿ
ಕಡೂರು
17 ಜನವರಿ 2024

ಅಕ್ಕನಿಗೆ ತಿಮ್ಮಪ್ಪನ ನಮಸ್ಕಾರ.

ಕಾಗದ ಮುಟ್ಟಿತು. ಓದಿ ಮಡಿಚಿಟ್ಟೆ, ಮತ್ತೆ ತೆಗೆದು ಓದಿದೆ. ಆವತ್ತು ಊಟ ರುಚಿಸಲಿಲ್ಲ.

ಮಂಡಿ ಸವೆದುಹೋಗಿದೆ ಎಂದು ದುಶ್ಯಂತ್ ಹೇಳಿದನಂತೆ, ನೀನು ಅದನ್ನು ಹಾಗೇ ಬರೆದೂ ಬಿಟ್ಟೆ. ನನ್ನ ಮಂಡಿಗೆ ಏನಾಗಿದೆ? ಮೂವತ್ತು ವರ್ಷದಿಂದ ಎಷ್ಟು ಭಾರ ಬಿದ್ದರೂ ತಡೆದುಕೊಂಡಿದೆ, ಒಂದು ದಿನವೂ ಯಾರಿಗೂ ಕೈಕೊಟ್ಟಿಲ್ಲ. ಈ ಮಂಡಿಯ ಬಲದ ಮೇಲೇ ನಾನು ಮಗಳು ಮಧುಶ್ರೀಯ ಮದುವೆ ಮಾಡಿದ್ದು. ಕಡೂರಿನಲ್ಲಿ ಯಾರನ್ನಾದರೂ ಕೇಳು, ತಿಮ್ಮಪ್ಪನ ಮಂಡಿ ಗಟ್ಟಿ ಎನ್ನುತ್ತಾರೆ. ಹೊರಗಿನವರು ಹೀಗೆ ಹೇಳಿದ್ದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಒಡಹುಟ್ಟಿದವಳು ಹೇಳಿದ್ದು ಹೊಟ್ಟೆಗೆ ಇರಿದಂತಾಯಿತು.

ನಿನಗೆ ಹೊಸದೇ ಬೇಕೆಂದರೆ ಹೊಸದಕ್ಕೇ ಹೋಗು, ನನ್ನ ಅಪ್ಪಣೆ ಯಾಕೆ? ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು ಎನ್ನುವ ನಾಟಕವೂ ಬೇಡ. ಕೊಡುವುದಾದರೆ ಎರಡನ್ನೂ ಒಟ್ಟಿಗೇ ಕೊಟ್ಟುಬಿಡು, ನನಗೂ ನಿಶ್ಚಿಂತೆ. ನಾನು ಬಂದು ಪಕ್ಕದಲ್ಲಿ ನಿಲ್ಲಬೇಕಂತೆ. ಆ ಸಂಭ್ರಮಕ್ಕೆ ನನ್ನನ್ನು ಕರೆಯಬೇಡ.

ನೀನೂ ಎರಡು ವರ್ಷದಿಂದ ಕಡೂರಿನ ಕಡೆ ತಲೆ ಹಾಕಿಲ್ಲ. ಮೊದಲಾದರೆ ಕಾಯಿ ಗಾಡಿಯ ಜೊತೆ ನೀನೇ ಬಂದು, ಕೂತು ಕಾಫಿ ಕುಡಿದು ಹೋಗುತ್ತಿದ್ದೆ. ಈಗ ಮಗನನ್ನು ಕಳಿಸುತ್ತೀಯ. ಯಾಕೆಂದು ಈಗ ಅರ್ಥವಾಯಿತು.

ತಿಮ್ಮಪ್ಪ


ಅಜ್ಜಂಪುರ
2 ಮಾರ್ಚ್ 2024

ತಿಮ್ಮಪ್ಪನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಬರೆಯದೆ ಇರಲೂ ಆಗುತ್ತಿಲ್ಲ, ಬರೆಯುತ್ತಿದ್ದೇನೆ.

ನಿನ್ನ ಮಂಡಿ ಗಟ್ಟಿ ಇದ್ದರೆ ದೇವರು ಹಾಗೇ ಇಟ್ಟಿರಲಿ. ಆದರೆ ನೋವು ತಿನ್ನುವವಳ ಮುಂದೆ ಆ ಜಂಬ ಯಾಕೆ? ನೀನು ನನಗಿಂತ ಆರು ವರ್ಷ ಚಿಕ್ಕವನು. ನನ್ನ ವಯಸ್ಸಿಗೆ ಬಾ, ಆಮೇಲೆ ಮಾತಾಡು. ಎರಡನ್ನೂ ಒಟ್ಟಿಗೇ ಕೊಟ್ಟುಬಿಡು ಎಂದೆಯಲ್ಲ, ಎರಡು ಕಾಲನ್ನೂ ಒಂದೇ ಸಲ ಕೊಯ್ಯಿಸಿಕೊಂಡು ನಾನು ಯಾವುದರ ಮೇಲೆ ನಿಲ್ಲಲಿ? ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ನಿಲ್ಲು ಎಂದದ್ದು ನಿನಗೆ ಸಂಭ್ರಮವಾಗಿ ಕಂಡಿತೇ? ಆ ಮಾತಿಗೆ ನಾನು ಎರಡು ದಿನ ಅತ್ತೆ. ನಯನ ಕೇಳಿದ್ದಕ್ಕೆ ಒಲೆ ಹೊಗೆ ಎಂದೆ. ನಮ್ಮ ಮನೆಯಲ್ಲಿರುವುದು ಗ್ಯಾಸು.

ಯುಗಾದಿ ಕಳೆದ ಮೇಲೆ ಏಪ್ರಿಲ್ ಹದಿನೈದಕ್ಕೆ ಶಿವಮೊಗ್ಗದಲ್ಲಿ ಎಡಗಾಲಿನ ಆಪರೇಷನ್. ಅದಾದ ಮೇಲೆ ನೆಲದ ಮೇಲೆ ಕೂರುವಂತಿಲ್ಲ, ಕುಕ್ಕರುಗಾಲಲ್ಲಂತೂ ಈ ಜನ್ಮದಲ್ಲಿ ಕೂರುವಂತಿಲ್ಲವಂತೆ. ಕುಕ್ಕರುಗಾಲಲ್ಲಿ ಕೂರದೆ ಹಸು ಕರೆಯುವುದು ಹೇಗೆ? ‘ಅದಕ್ಕೇ ಕೆಂಪಿನ ಮಾರ್ಬಿಡಾಣ’ ಎಂದ ದುಶ್ಯಂತ್. ಚೌಳಹಿರಿಯೂರಿನವರು ಒಬ್ಬರು ಬಂದು ನೋಡಿಕೊಂಡೂ ಹೋದರು. ಅವರು ಬಾಲ ಎತ್ತಿ, ಬಾಯಿ ಬಿಡಿಸಿ ಹಲ್ಲು ನೋಡುವಾಗ ಕೆಂಪಿ ನನ್ನ ಕಡೆಯೇ ನೋಡುತ್ತಿದ್ದಳು. ನನ್ನ ಕಾಲು ಹೋದರೂ ಹೋಗಲಿ ತಿಮ್ಮ, ಅವಳನ್ನು ಕೊಟ್ಟರೆ ಬೆಳಿಗ್ಗೆ ಎದ್ದು ನಾನು ಮಾಡುವುದೇನು?

ಕಡೂರಿಗೆ ಯಾಕೆ ಬರಲಿಲ್ಲ ಎಂದು ನಿನಗೆ ಅರ್ಥವಾಯಿತಂತೆ. ಏನೂ ಅರ್ಥವಾಗಿಲ್ಲ. ನಿನ್ನ ಅಂಗಡಿಗೆ ಹತ್ತಲು ಆರು ಮೆಟ್ಟಿಲು, ಲಾರಿಯ ಎತ್ತರಕ್ಕೆ ಕಟ್ಟಿಸಿದ್ದೀಯ. ಅವನ್ನು ಹತ್ತಲಾರೆ. ನಾಲ್ಕು ಜನರ ಮುಂದೆ ತೆವಳಿಕೊಂಡು ಹತ್ತುವುದಕ್ಕೆ ನಾಚಿಕೆಯಾಗಿ ಬರುವುದನ್ನೇ ಬಿಟ್ಟೆ. ಮಾವನಿಗೆ ಹೇಳಬೇಡ ಎಂದು ದುಶ್ಯಂತನ ಬಾಯಿಯನ್ನೂ ಕಟ್ಟಿದ್ದೆ. ಈಗ ಹೇಳಿದ್ದೇನೆ, ಸಮಾಧಾನವಾಯಿತೇ?

ಲಿಂಗಮ್ಮ


ತಿಮ್ಮಪ್ಪನವರ ತೆಂಗಿನಕಾಯಿ ಮಂಡಿ
ಕಡೂರು
6 ಮಾರ್ಚ್ 2024

ಅಕ್ಕಾ,

ಮೊದಲು ಈ ಕಾಗದದ ತಲೆಯ ಮೇಲೆ ಅಚ್ಚು ಹಾಕಿಸಿರುವುದನ್ನು ಓದು. ತೆಂಗಿನಕಾಯಿ ಮಂಡಿ. ನಾನು ಬರೆದದ್ದು ಈ ಮಂಡಿಯ ವಿಷಯ. ನೀನು ಬರೆದದ್ದು ಕಾಲಿನ ಮಂಡಿ ಎಂದು ನನಗೆ ಹೊಳೆದದ್ದು ಈವತ್ತು.

ಮಂಡಿ ಬದಲಾಯಿಸುತ್ತೇನೆ ಎಂದು ಓದಿದವನಿಗೆ, ಅಕ್ಕ ಇನ್ನು ಮುಂದೆ ಕಾಯಿಯನ್ನು ಬೇರೆ ಮಂಡಿಗೆ ಹಾಕುತ್ತಾಳೆ ಎಂದೇ ತಲೆಯಲ್ಲಿ ಕೂತಿತು. ಈ ವರ್ಷ ಬಹಳ ಜನ ನನ್ನನ್ನು ಬಿಟ್ಟು ಬೇರೆ ಕಡೆ ಹೋದರು, ಆ ಸಂಕಟ ಮೊದಲೇ ಇತ್ತು. ಎಡಗಡೆಯದು, ಬಲಗಡೆಯದು ಎಂದದ್ದನ್ನು ರಸ್ತೆಯ ಎರಡು ಕಡೆ ಇರುವ ನಿಮ್ಮ ತೋಟಗಳು ಎಂದುಕೊಂಡೆ. ಎರಡೂ ತೋಟದ ಕಾಯಿ ಒಟ್ಟಿಗೇ ಕೊಡು ಎಂದು ಸಿಟ್ಟಿನಲ್ಲಿ ಬರೆದೆ. ಅಕ್ಕನ ಎರಡು ಕಾಲೂ ಕೊಯ್ಯಿಸು ಎಂದು ಬರೆಯುವಷ್ಟು ಪಾಪಿ ನಾನಲ್ಲ.

ಕಾಗದ ಓದಿ ನಗು ಬಂತು. ನಗುತ್ತಾ ನಗುತ್ತಾ ಅಳುವೂ ಬಂತು. ಹಮಾಲಿ ಹನುಮಂತಯ್ಯ ‘ಏನಾಯ್ತು ಯಜಮಾನ್ರೇ, ರೇಟು ಬಿತ್ತಾ?’ ಎಂದ. ನನ್ನ ಬುದ್ಧಿ ಬಿತ್ತು ಕಣೋ ಎಂದೆ.

ಈಗ ಒಂದು ಮಾತು ಕೇಳು. ಆಪರೇಷನ್ ಮಾಡಿಸುವ ಮೊದಲು ತರೀಕೆರೆಯಲ್ಲಿ ಒಬ್ಬರಿಗೆ ತೋರಿಸು. ಅಕ್ಷತಾ ಎಂದು ಹೆಸರು, ಇನ್ನೂ ಸಣ್ಣ ವಯಸ್ಸು. ಬೋರ್ಡಿನ ಮೇಲೆ ಕೈರೋಪ್ರಾಕ್ಟಿಕ್ ಎಂದು ಬರೆದಿದೆ. ಮೂಳೆ, ಕೀಲುಗಳನ್ನು ಕೈಯಿಂದಲೇ ಹಿಡಿದು, ತಿರುಗಿಸಿ, ಒತ್ತಿ ಸಡಿಲ ಮಾಡುವ ವಿದ್ಯೆ. ಸುಳ್ಳು ಆಸೆ ತೋರಿಸುವುದಿಲ್ಲ. ತನ್ನ ಕೈಲಾಗದ್ದಕ್ಕೆ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಾಳೆ. ನಮ್ಮ ಹನುಮಂತಯ್ಯನ ಮಂಡಿ ನೋವಿಗೆ ಅಲ್ಲೇ ತೋರಿಸುತ್ತಿರುವುದು.

ನಾನೇ ಬಂದು ಕರೆದುಕೊಂಡು ಹೋಗಬೇಕು. ಆದರೆ ಈಗ ಸೀಸನ್ನು, ಮಂಡಿ ಬಿಟ್ಟು ಅಲ್ಲಾಡುವಂತಿಲ್ಲ. ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸುತ್ತೇನೆ. ಗಾರೆಯವನಿಗೆ ಹೇಳಿಯಾಗಿದೆ.

ನಿನ್ನ ದಡ್ಡ ತಮ್ಮ
ತಿಮ್ಮಪ್ಪ


ಅಜ್ಜಂಪುರ
21 ಮಾರ್ಚ್ 2024

ಚಿರಂಜೀವಿ ತಿಮ್ಮನಿಗೆ,

ನಿನ್ನ ಕಾಗದವನ್ನು ದುಶ್ಯಂತನಿಗೂ ನಯನಳಿಗೂ ಓದಿ ಹೇಳಿದೆ. ಮೂವರೂ ನಕ್ಕು ಸುಸ್ತಾದೆವು. ಮೂವತ್ತು ವರ್ಷ ನಿನ್ನ ಮಂಡಿಗೆ ಕಾಯಿ ಹಾಕಿದ ನನಗೂ ಹೊಳೆಯಲಿಲ್ಲವಲ್ಲ. ಮೈಯಲ್ಲಿ ನೋವಿದ್ದಾಗ ಬೇರೆ ಯಾವ ಮಂಡಿಯೂ ನೆನಪಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ಮೆಟ್ಟಿಲು ಮುಟ್ಟಬೇಡ. ಗಾರೆಯವನನ್ನು ವಾಪಸ್ಸು ಕಳಿಸು. ಆ ಮೆಟ್ಟಿಲು ನಾನೇ ಹತ್ತುತ್ತೇನೆ.

ನಯನಳನ್ನು ಕರೆದುಕೊಂಡು ಬಸ್ಸಿನಲ್ಲಿ ತರೀಕೆರೆಗೆ ಹೋಗಿದ್ದೆ. ನಿನ್ನ ಅಕ್ಷತಾ ನನ್ನ ಕಿವಿಯ ಕಥೆ ತಿಳಿದು ಜೋರಾಗಿ ಮಾತಾಡಿದಳು. ನನ್ನ ಸೊಂಟದ ಸಮಾಚಾರ ಹೊರಗೆ ಕೂತವರಿಗೆಲ್ಲ ಗೊತ್ತಾಯಿತು. ಹೋದ ತಕ್ಷಣ ಮಂಡಿ ಹಿಡಿದು ಲಟಕ್ ಎನಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಮಂಡಿ ಮುಟ್ಟುವ ಮೊದಲು ನಡೆದು ತೋರಿಸಿ ಎಂದಳು, ಬರಿಗಾಲಲ್ಲಿ ನಿಲ್ಲಿಸಿ ಪಾದ ನೋಡಿದಳು. ಆಮೇಲೆ ಮಲಗಿಸಿ ತೊಡೆಯನ್ನು ಸೊಂಟದ ಹತ್ತಿರ ತಿರುಗಿಸಿದಳು. ತಿರುಗಿಸಿದ್ದು ಸೊಂಟ, ನೋವು ಎದ್ದದ್ದು ಮಂಡಿಯಲ್ಲಿ. ನನಗೇ ಆಶ್ಚರ್ಯವಾಯಿತು.

ಅವಳು ಹೇಳಿದ್ದನ್ನು ನಯನ ಬರೆದುಕೊಂಡಿದ್ದಾಳೆ, ಹಾಗೇ ಇಳಿಸುತ್ತೇನೆ. ‘ಅಮ್ಮಾ, ಮಂಡಿ ನೋವಿಗೆ ಒಂದೇ ಕಾರಣ ಅಂತಿಲ್ಲ. ಕೀಲು ಸವೆದ್ರೂ ನೋವು, ಒಳಗಿನ ಪದರ ಹರಿದ್ರೂ ನೋವು. ತೂಕ ಜಾಸ್ತಿ ಆದ್ರೆ, ಹಳೇ ಪೆಟ್ಟಿದ್ರೆ, ಪಾದ ಚಪ್ಪಟೆ ಇದ್ರೆ, ತೊಡೆಲಿ ಶಕ್ತಿ ಇಲ್ದಿದ್ರೆ, ಸೊಂಟ ಬಿಗಿದಿದ್ರೆ, ಎಲ್ಲಾ ಬಂದು ಮಂಡಿ ಮೇಲೇ ಕೂರುತ್ತೆ. ನಿಮ್ಮ ಎಕ್ಸ್‌ರೇಲಿ ಸವೆತ ಇದೆ, ನಾನು ಸುಳ್ಳು ಹೇಳಲ್ಲ. ಸವೆದಿದ್ದನ್ನ ನನ್ನ ಕೈ ಬೆಳೆಸಲ್ಲ. ಆದ್ರೆ ನಿಮ್ಮ ನೋವೆಲ್ಲಾ ಸವೆತದ್ದಲ್ಲ. ಸೊಂಟ ಸಡಿಲ ಮಾಡೋದು ನನ್ನ ಕೆಲಸ, ತೊಡೆ ಗಟ್ಟಿ ಮಾಡ್ಕೊಳ್ಳೋದು ನಿಮ್ಮ ಕೆಲಸ.’

ಹಾಗಾದರೆ ಆಪರೇಷನ್ ಬೇಡವೇ ಎಂದೆ. ‘ಶಿವಮೊಗ್ಗದ ಡಾಕ್ಟ್ರು ಹೇಳಿದ್ದು ತಪ್ಪಲ್ಲ, ಮುಂದೊಂದಿನ ಬೇಕಾಗ್ಬೋದು. ಮೂರು ತಿಂಗಳು ಮುಂದಕ್ಕೆ ಹಾಕಬೋದಾ ಅಂತ ಅವರನ್ನೇ ಕೇಳಿ. ಮಂಡಿ ಊದಿ ಬಿಸಿಯಾದ್ರೆ, ಮಡಿಸಿದ ಕಾಲು ಬಿಡಿಸೋಕಾಗದೆ ಸಿಕ್ಕಾಕ್ಕೊಂಡ್ರೆ, ನನ್ನ ಹತ್ರ ಬರಬೇಡಿ, ಸೀದಾ ಅಲ್ಲಿಗೆ ಹೋಗಿ’ ಎಂದಳು. ಆಮೇಲೆ ಶಿವಮೊಗ್ಗದವರನ್ನು ಕೇಳಿದೆವು. ಅವರು ಒಪ್ಪಿದರು.

ಆವತ್ತು ಕೊನೆಗೆ ಅಕ್ಷತಾ ನನ್ನನ್ನು ಮಗ್ಗುಲಿಗೆ ಮಲಗಿಸಿ ಸೊಂಟವನ್ನು ಒಂದು ಸಲ ಒತ್ತಿದಳು. ಲಟಕ್ ಎಂದು ಶಬ್ದ ಬಂತಂತೆ, ನಯನ ಹೆದರಿ ಎದ್ದು ನಿಂತಳು. ನನಗೆ ಕೇಳಲಿಲ್ಲ, ಆದರೆ ಬಿಗಿದ ಹಗ್ಗ ಒಂದು ಸುತ್ತು ಸಡಿಲವಾದದ್ದು ತಿಳಿಯಿತು. ಕುಕ್ಕರುಗಾಲು ಮಾತ್ರ ಬಿಟ್ಟೇಬಿಡಿ ಎಂದಿದ್ದಾಳೆ. ಹಾಲು ಕರೆಯುವುದಕ್ಕೆ ಸ್ಟೂಲು ಇಟ್ಟುಕೊಳ್ಳಬೇಕಂತೆ.

ದುಶ್ಯಂತನಿಗೆ ಮೂರು ತಿಂಗಳ ಗಡುವು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಕೆಂಪಿಯ ಕಡೆ ಯಾರೂ ಬರಕೂಡದು.

ನೀನೂ ತರೀಕೆರೆಗೆ ಬರುತ್ತೀಯೇನೋ ಎಂದು ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನೋಡಿದೆ. ಕಡೂರಿನ ಬಸ್ಸು ಬಂತು, ನೀನಿರಲಿಲ್ಲ. ಸೀಸನ್ನು, ಗೊತ್ತು.

ಲಿಂಗಮ್ಮ


ತಿಮ್ಮಪ್ಪನವರ ತೆಂಗಿನಕಾಯಿ ಮಂಡಿ
ಕಡೂರು
4 ಏಪ್ರಿಲ್ 2024

ಅಕ್ಕನಿಗೆ ನಮಸ್ಕಾರ.

ಹನುಮಂತಯ್ಯನ ಕೈಲಿ ಒಂದು ಸ್ಟೂಲು ಕಳಿಸಿದ್ದೇನೆ. ಹಲಸಿನ ಮರದ್ದು, ಅಗಲ ಕಾಲು, ಮಗುಚುವುದಿಲ್ಲ. ಮಂಡಿಗಿಂತ ಸ್ವಲ್ಪ ಎತ್ತರ ಇರಲಿ ಎಂದು ಹೇಳಿ ಮಾಡಿಸಿದೆ. ತಗ್ಗಾದರೆ ಏಳುವಾಗ ಪ್ರಾಣ ಹೋಗುತ್ತದೆ.

ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಒತ್ತುವುದನ್ನು ಹೇಳಿಕೊಟ್ಟಿರಬೇಕು. ಅದನ್ನು ತಪ್ಪಿಸಬೇಡ. ಮೊದಮೊದಲು ತೊಡೆ ಗಡಗಡ ನಡುಗುತ್ತದೆ, ಹೆದರಬೇಡ. ರಾತ್ರಿ ಮಂಡಿಯ ಹಿಂದೆ ಎಳೆದ ಹಾಗಾದರೆ ಬಿಸಿನೀರಿನ ಬಟ್ಟೆ ಹಾಕು. ಮಾಡಿದರೆ ಏನು ಬಂತು ಎಂದು ಎರಡನೇ ವಾರ ಬೇಜಾರು ಬರುತ್ತದೆ, ಆಗಲೇ ಬಿಡಬಾರದು. ಇದೆಲ್ಲ ಹನುಮಂತಯ್ಯ ಹೇಳಿದ್ದು.

ಮೆಟ್ಟಿಲು ಮುಟ್ಟಿಲ್ಲ. ಕಾಯುತ್ತಿವೆ.

ತಿಮ್ಮಪ್ಪ


ಅಜ್ಜಂಪುರ
27 ಜೂನ್ 2024

ತಿಮ್ಮನಿಗೆ ಆಶೀರ್ವಾದ.

ಬಹಳ ದಿನ ಬರೆಯಲಿಲ್ಲ. ಒಳ್ಳೆಯ ಸುದ್ದಿ ಬಂದಮೇಲೇ ಬರೆಯಬೇಕೆಂದು ಹಟ ಹಿಡಿದಿದ್ದೆ.

ನಿನ್ನ ಸ್ಟೂಲನ್ನು ಕೆಂಪಿ ಮೊದಲ ದಿನವೇ ಒದ್ದಳು. ಅವಳಿಗೆ ಗೊತ್ತಿದ್ದದ್ದು ಕುಕ್ಕರುಗಾಲಲ್ಲಿ ಕೂತು ಹೊಟ್ಟೆಗೆ ಹಣೆ ಆನಿಸುವ ಲಿಂಗಮ್ಮ. ಎತ್ತರದಲ್ಲಿ ಕೂತವಳು ಬೇರೆ ಯಾರೋ ಎಂದು ತಿಳಿದಳು. ‘ನೀವೂ ಈಗ ನನ್ನ ಸಾಲಿಗೆ ಸೇರಿದ್ರಿ ಅತ್ತೆ’ ಎಂದಳು ನಯನ. ಚೌಳಹಿರಿಯೂರಿನವರಿಗೆ ಫೋನು ಮಾಡಲೇ ಎಂದ ದುಶ್ಯಂತ್. ಮೊದಲು ನಿನ್ನ ಫೋನು ತೊಟ್ಟಿಗೆ ಹಾಕುತ್ತೇನೆ ಎಂದೆ.

ಆಮೇಲೆ ಕರೆಯುವ ಆಸೆ ಬಿಟ್ಟು, ಹಾಲನ್ನೆಲ್ಲ ಕರುವಿಗೇ ಕುಡಿಯಲು ಬಿಟ್ಟು, ಸ್ಟೂಲಿನ ಮೇಲೆ ಸುಮ್ಮನೆ ಅವಳ ಪಕ್ಕ ಕೂರುವುದಕ್ಕೆ ಶುರು ಮಾಡಿದೆ. ಕೂತೇ ಹುಲ್ಲು ತಿನ್ನಿಸಿದೆ, ಕೂತೇ ಮೈ ತೀಡಿದೆ. ಅವಳ ಮುಂದೆ ಕಾಲು ಚಾಚಿ, ಮಡಿಚಿ, ಅಕ್ಷತಾ ಹೇಳಿದ್ದನ್ನೂ ಅಲ್ಲೇ ಮಾಡಿದೆ. ತೊಡೆ ನಡುಗಿತು. ಎರಡನೇ ವಾರ ಬೇಜಾರೂ ಬಂತು. ನಿನ್ನ ಹನುಮಂತಯ್ಯ ಹೇಳಿದ್ದು ಒಂದೂ ತಪ್ಪಲಿಲ್ಲ. ಅಷ್ಟು ಬಿಡಿಸಿ ಹೇಳುವ ಹಮಾಲಿಯನ್ನು ನಾನು ಕಂಡಿಲ್ಲ.

ಮೇ ತಿಂಗಳಲ್ಲಿ ಒಂದು ಎಡವಟ್ಟಾಯಿತು. ನೋವು ಕಡಿಮೆಯಾಯಿತಲ್ಲ ಎಂದು ಹುಲ್ಲಿನ ಹೊರೆ ಹೊತ್ತೆ. ಬೆಳಗಾಗುವಷ್ಟರಲ್ಲಿ ಮಂಡಿ ಊದಿಕೊಂಡಿತ್ತು. ಅಕ್ಷತಾ ಕೈ ಹಾಕಲೇ ಇಲ್ಲ, ಶಿವಮೊಗ್ಗಕ್ಕೆ ಅಟ್ಟಿದಳು. ಅಲ್ಲಿ ನೀರು ತೆಗೆದು, ವಿಶ್ರಾಂತಿ ಎಂದರು. ಎಲ್ಲ ಮುಗಿಯಿತು ಎಂದುಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಕೊಟ್ಟಿಗೆಯಲ್ಲಿ ಕೆಂಪಿ ಕೂಗಿದ್ದು ನನಗೆಲ್ಲಿ ಕೇಳಬೇಕು? ಕೂಗುತ್ತಿದ್ದಾಳೆ ಎಂದು ನಯನ ಬಂದು ಸನ್ನೆ ಮಾಡಿದಳು. ಎದ್ದು ಹೋಗಿ ಸ್ಟೂಲಿನ ಮೇಲೆ ಕೂತೆ. ಊತ ಪೂರ್ತಿ ಇಳಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಹೋದ ಸೋಮವಾರ ಅವಳ ಹೊಟ್ಟೆಗೆ ಹಣೆ ಆನಿಸಿ ಕೆಚ್ಚಲಿಗೆ ಕೈ ಹಾಕಿದೆ. ಒದೆಯಲಿಲ್ಲ. ನೊರೆಹಾಲು ಬಕೆಟ್ಟಿನ ಅಂಚಿಗೆ ಬಂತು. ದುಶ್ಯಂತ್ ಬಾಗಿಲಲ್ಲಿ ನಿಂತು ನೋಡಿ, ಬಕೆಟ್ಟು ತಾನೇ ಎತ್ತಿಕೊಂಡು ಡೈರಿಗೆ ಹೋದ. ಆಪರೇಷನ್ ವಿಷಯ ಶಿವಮೊಗ್ಗದವರೇ ಈಗ ಅವಸರ ಇಲ್ಲ, ನೋಡೋಣ ಎಂದಿದ್ದಾರೆ. ನೋವು ಪೂರ್ತಿ ಹೋಗಿಲ್ಲ. ನನ್ನ ಮಾತು ಕೇಳುತ್ತದೆ, ಅಷ್ಟು ಸಾಕು.

ಇನ್ನು ನಿನ್ನ ಮೆಟ್ಟಿಲು ಬಾಕಿ. ಯಾವಾಗ ಬರುತ್ತೇನೆಂದು ಹೇಳುವುದಿಲ್ಲ. ಹೇಳಿದರೆ ಊರೆಲ್ಲ ಸೇರಿಸಿ ನಿಂತಿರುತ್ತೀಯ.

ಲಿಂಗಮ್ಮ


ತಿಮ್ಮಪ್ಪನವರ ತೆಂಗಿನಕಾಯಿ ಮಂಡಿ
ಕಡೂರು
9 ಆಗಸ್ಟ್ 2024, ಶುಕ್ರವಾರ

ತಿಮ್ಮ,

ತಲೆಬರಹ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವುದು ನಾನೇ, ನಿನ್ನ ಕಾಗದದಲ್ಲಿ, ನಿನ್ನ ಪೆನ್ನಿನಲ್ಲಿ, ನಿನ್ನ ಜಾಗದಲ್ಲಿ ಕೂತು. ಕಾಯಿ ಗಾಡಿಯ ಜೊತೆ ಬಂದೆ. ಹನುಮಂತಯ್ಯ ಕೈ ಹಿಡಿಯಲು ಓಡಿ ಬಂದ, ಬೇಡ ಎಂದೆ. ಹತ್ತುವಾಗ ಬಲಗಾಲು ಮೊದಲು ಎಂದು ಅಕ್ಷತಾ ಹೇಳಿದ್ದಾಳೆ. ಹೊಸ ಸೊಸೆ ಮನೆ ತುಂಬುವ ಹಾಗೆ ಬಲಗಾಲಿಟ್ಟು, ಗೋಡೆ ಹಿಡಿದು, ಆರೂ ಮೆಟ್ಟಿಲು ಹತ್ತಿದೆ. ಮೇಲೆ ಬಂದು ನೋಡಿದರೆ ನೀನಿಲ್ಲ.

ನೀನು ಕೂರುತ್ತಿದ್ದ ಗಾದಿಯೂ ಇಲ್ಲ. ಮೂವತ್ತು ವರ್ಷ ಚಕ್ಕಳಮಕ್ಕಳ ಹಾಕಿ ಕೂತ ಜಾಗದಲ್ಲಿ ಒಂದು ಎತ್ತರದ ಕುರ್ಚಿ. ಕುರ್ಚಿಯ ಕೆಳಗೆ ಸುತ್ತಿಟ್ಟ ಟವೆಲು. ಆ ಟವೆಲಿನ ಸುತ್ತು ನೋಡಿದ ತಕ್ಷಣ ನನಗೆ ಗೊತ್ತಾಯಿತು. ನಮ್ಮ ಮನೆಯ ಮಂಚದ ಮೇಲೂ ಅಂಥದ್ದೇ ಒಂದಿದೆ.

ಆದರೂ ಹನುಮಂತಯ್ಯನನ್ನು ಕೇಳಿದೆ. ನಿನ್ನ ಮಂಡಿ ನೋವು ಹೇಗಿದೆಯಪ್ಪ ಎಂದೆ. ಅವನು ಕಣ್ಣು ಕಣ್ಣು ಬಿಟ್ಟ. ‘ನನ್ನ ಮಂಡಿಗೇನಾಗೈತಮ್ಮ, ಮೂಟೆ ಹೊತ್ಕಂಡು ಓಡ್ತೀನಿ. ಯಜಮಾನ್ರಿಗೇ ಅಲ್ವಾ ನೋವು. ಬಸ್ಸಿನ ಮೆಟ್ಲು ಹತ್ತಕ್ಕಾಗ್ದೆ ಕಾರು ಮಾಡ್ಕಂಡು ತರೀಕೆರೆಗೆ ಹೋಗವ್ರೆ. ನಿಮಗೆ ಹೇಳ್‌ಬ್ಯಾಡ ಅಂದಿದ್ರು’ ಎಂದು ನನ್ನ ಕಿವಿಯ ಹತ್ತಿರ ಕೂಗಿದ. ಅಂಗಡಿಯವರೆಲ್ಲ ತಿರುಗಿ ನೋಡಿದರು.

ಅಂದರೆ ನೀನು ಎರಡು ವರ್ಷದಿಂದ ಅಜ್ಜಂಪುರಕ್ಕೆ ಬರದೆ ಇದ್ದದ್ದು ಇದಕ್ಕೆ. ನಾನು ನಿನಗೆ ಸೊಕ್ಕು ಎಂದುಕೊಂಡೆ, ನೀನು ನನಗೆ ಸೊಕ್ಕು ಎಂದುಕೊಂಡೆ. ನನ್ನ ಮಂಡಿ ಗಟ್ಟಿ ಎಂದು ಬರೆಯುವಾಗ ನೀನು ಯಾವ ಕಾಲು ನೀವಿಕೊಳ್ಳುತ್ತಿದ್ದೆಯೋ. ಸಿಟ್ಟು ಬಂದಿದೆ ನನಗೆ. ಬೈಯಬೇಕೆಂದು ಕೂತರೆ ಕಣ್ಣಲ್ಲಿ ನೀರು ಬರುತ್ತಿದೆ, ಇಲ್ಲಿ ಒಲೆಯೂ ಇಲ್ಲ.

ಗಾಡಿಯವನು ಅವಸರ ಮಾಡುತ್ತಿದ್ದಾನೆ, ಕೆಂಪಿಯನ್ನು ಕರೆಯುವ ಹೊತ್ತಿಗೆ ನಾನು ಮನೆಯಲ್ಲಿರಬೇಕು. ಎರಡೂ ತೋಟದ ಕಾಯಿ ಇಳಿಸಿದ್ದೇನೆ, ಎಡಗಡೆಯದೂ ಬಲಗಡೆಯದೂ. ನಾನು ಯಾವ ಮಂಡಿಯನ್ನೂ ಬದಲಾಯಿಸಿಲ್ಲ.

ನಾಳಿದ್ದು ಭಾನುವಾರ, ನಿನಗೆ ರಜೆ. ಅಜ್ಜಂಪುರಕ್ಕೆ ಬಾ. ಕಾರಿನಲ್ಲಿ ಬರಬೇಡ, ಬಸ್ಸಿನಲ್ಲೇ ಬಾ. ಮೆಟ್ಟಿಲು ಎತ್ತರ ಎಂದು ನೆಪ ಹೇಳಬೇಡ, ನಿನ್ನ ಮೆಟ್ಟಿಲು ಅದಕ್ಕಿಂತ ಎತ್ತರ. ಕಡೂರಿನಲ್ಲಿ ಹನುಮಂತಯ್ಯ ಹತ್ತಿಸುತ್ತಾನೆ. ಇಳಿಯುವಾಗ ನೋವಿರುವ ಕಾಲು ಮೊದಲು ಇಡು, ಅವಸರ ಮಾಡಬೇಡ. ಬಸ್ಸಿನ ಬಾಗಿಲಿನ ಪಕ್ಕದಲ್ಲಿ ನಾನು ನಿಂತಿರುತ್ತೇನೆ.

ನಿನ್ನ ಅಕ್ಕ
ಲಿಂಗಮ್ಮ